ಲುಬಬಾಲೊನ ಬೆನ್ನು

ನನ್ನ ಬಲಗೈ ಕಿರುಬೆರಳು ಸೊಟ್ಟಗಿದೆ. ಸೊಟ್ಟ ಮಾಡಿದವನು ನನ್ನ ತಂಗಿ ನೊಂಬುಯಿಸೆಲೊಳ ಮಗ ಲುಬಬಾಲೊ. ಆಗ ಅವನಿಗೆ ಹದಿನಾಲ್ಕು. ಟ್ಯುಮೆ ನದಿ ದಡದ ನಮ್ಮ ಮೈದಾನದಲ್ಲಿ, ದನಗಳನ್ನು ಅತ್ತ ಅಟ್ಟಿ ಸಗಣಿ ಬಾಚಿದ ಮೇಲೇ ಆಟ ಶುರುವಾಗುವ ಆ ಮೈದಾನದಲ್ಲಿ, ನಾನು ಇಪ್ಪತ್ತೆಂಟು ವರ್ಷ ವಿಕೆಟ್ ಹಿಂದೆ ಕುಕ್ಕರುಗಾಲಲ್ಲಿ ಕೂತವನು. ಎಂಥೆಂಥವರ ಚೆಂಡು ಹಿಡಿದಿದ್ದೇನೆ! ಇವನ ಚೆಂಡು ಗ್ಲೌಸಿಗೆ ಬಡಿದಾಗ ಮಾತ್ರ ಕಣ್ಣಲ್ಲಿ ನೀರು ಬಂತು. ಅವತ್ತು ಸಂಜೆಯೇ ತಂಗಿಗೆ ಹೇಳಿದೆ: "ಇವನ ಬೆನ್ನು ಜೋಪಾನ ಕಣಮ್ಮ. ಇವನ ಬದುಕೆಲ್ಲ ಆ ಬೆನ್ನಿನ ಮೇಲೇ ನಿಂತಿರೋದು."

ಜೋಪಾನ ಮಾಡಬೇಕಾಗಿದ್ದವನು ನಾನು. ಅವನಪ್ಪ ಚಿನ್ನದ ಗಣಿಯಲ್ಲಿ ಪುಪ್ಪುಸ ಕೆಡಿಸಿಕೊಂಡು ಬೇಗ ಹೋಗಿಬಿಟ್ಟ. ಓಡುವುದು, ಕಾಲಿಡುವುದು, ಕೈ ಎತ್ತುವುದು, ಎಲ್ಲ ಕಲಿಸಿದ್ದು ನಾನು. ಹದಿನಾರಕ್ಕೆ ನಮ್ಮ ಕಡಲ ದಡದ ಪಟ್ಟಣ ಈಸ್ಟ್ ಲಂಡನ್ನಿನ ಒಂದು ಶಾಲೆ ಬರೀ ಬೌಲಿಂಗ್ ನೋಡಿ ಅವನನ್ನು ಕರೆದುಕೊಂಡಿತು. ಹದಿನೆಂಟಕ್ಕೆ ಪ್ರಾಂತ್ಯದ ಕಿರಿಯರ ತಂಡ. ಬರುವ ಅಕ್ಟೋಬರಿನಲ್ಲಿ ಒಂದು ಆಯ್ಕೆ ಪಂದ್ಯ, ಅದರಲ್ಲಿ ಗೆದ್ದರೆ ದೊಡ್ಡವರ ತಂಡದಲ್ಲಿ ಜಾಗ ಎಂದು ಕೋಚ್ ಹೇಳಿ ಕಳಿಸಿದ್ದರು. "ಚಳಿಗಾಲ ಪೂರ್ತಿ ಸುಮ್ಮನೆ ಉಂಡು ಮಲಗಿರಲಿ" ಎಂದೂ ಹೇಳಿದ್ದರು. ನಮ್ಮಲ್ಲಿ ಚಳಿಗಾಲ ಎಂದರೆ ಜೂನ್, ಜುಲೈ.

ಅದಕ್ಕೆ ಮುಂಚೆ ಕ್ರಿಸ್‌ಮಸ್ ಬಂತು. ಹಬ್ಬದ ಪಂದ್ಯದಲ್ಲಿ ಮೇಲೂರಿನವರ ಏಳು ವಿಕೆಟ್ ಉರುಳಿಸಿದ. ಆಟ ಮುಗಿದ ಮೇಲೆ ಗಂಡಸರೆಲ್ಲ ದೊಡ್ಡಿಯ ಪಕ್ಕ ಸುತ್ತುಗಟ್ಟಿ ಕೂತು ಜೋಳದ ಬೀರಿನ ತಂಬಿಗೆ ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಲುಬಬಾಲೊ ಆಚೆ ಹುಡುಗರ ಗುಂಪಿನಲ್ಲಿದ್ದ. ನಮ್ಮಲ್ಲಿ ಬೆಟ್ಟಕ್ಕೆ ಹೋಗಿ ಸುನ್ನತಿ ಮಾಡಿಸಿಕೊಂಡು ಬರದವನು ಐವತ್ತು ದಾಟಿದರೂ ಹುಡುಗನೇ.

ಅವನಿಂದ ಸ್ಟಂಪು ಮುರಿಸಿಕೊಂಡಿದ್ದ ಮೇಲೂರಿನ ನ್ಟ್ಸಿಕಾನಿಗೆ ಹೊಟ್ಟೆಯುರಿ.

"ಏಳು ವಿಕೆಟ್ಟಿನ ಶೂರ ಎಲ್ಲಪ್ಪಾ?" ಎಂದ.

"ಅಗೋ, ಹುಡುಗರ ಜೊತೆ ಮೂಳೆ ಚೀಪ್ತಾ ಇದಾನೆ" ಎಂದರು ಯಾರೋ.

"ಏ ಕ್ವೆದಿನಿ!" ಎಂದು ಕೂಗಿದ ನ್ಟ್ಸಿಕಾ. ಹುಡುಗಾ ಎಂದು, ಅದೂ ನಾಯಿಯನ್ನು ಕರೆದ ಹಾಗೆ. "ವಿಕೆಟ್ ತಗೊಂಡಿದ್ದು ಸಾಕು, ಎದ್ದು ಹೋಗಿ ದೊಡ್ಡವರಿಗೆ ನೀರು ತಗೊಂಬಾ!"

ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. ಲುಬಬಾಲೊ ನೀರು ತಂದಿಟ್ಟು, ನನ್ನ ಕಿವಿಯ ಹತ್ತಿರ ಬಗ್ಗಿ, "ಮಾವ, ಜೂನ್‌ನಲ್ಲಿ ನಾನು ಬೆಟ್ಟಕ್ಕೆ ಹೋಗ್ತೀನಿ" ಎಂದ. ಕೋಚ್ ಮಾತು ನೆನಪಿತ್ತು. ಆದರೂ ಬೇಡ ಎನ್ನಲಿಲ್ಲ. ಯಾವ ಬಾಯಿಂದ ಅನ್ನಲಿ?

ಬೆಟ್ಟದಲ್ಲಿ ಏನಾಗುತ್ತದೆ ಎಂದು ಹೇಳುವಂತಿಲ್ಲ, ಹೇಳುವುದೂ ಇಲ್ಲ. ಜುಲೈನಲ್ಲಿ ಹಿಂದಿರುಗಿ ಬಂದಾಗ ಮೈ ಇಳಿದುಹೋಗಿತ್ತು. ಹೊಸ ಕಂಬಳಿ ಹೊದ್ದು ತಲೆ ತಗ್ಗಿಸಿ ಕೂತವನಿಗೆ ಹಿರಿಯರು ಒಬ್ಬೊಬ್ಬರಾಗಿ ಬುದ್ಧಿಮಾತು ಹೇಳಿದರು. ನನ್ನ ಸರದಿ ಬಂದಾಗ, ನನ್ನ ನಾಲಿಗೆಗೆ ಬೆಂಕಿ ಬೀಳ, ಎದ್ದು ನಿಂತು ಗಂಟಲು ಸರಿ ಮಾಡಿಕೊಂಡು ಹೇಳಿದೆ: "ಗತ್ಯೇನಿ," ಇನ್ನು ಅವನನ್ನು ಅವನ ಕುಲದ ಹೆಸರಿನಿಂದಲೇ ಕರೆಯಬೇಕು, "ಗತ್ಯೇನಿ, ಇವತ್ತಿಂದ ನೋವು ಅನ್ನೋ ಮಾತು ನಿನ್ನ ಬಾಯಲ್ಲಿ ಬರಕೂಡದು. ನೋವು ಅನ್ನೋನು ಹುಡುಗ." ಹೌದು ಹೌದು ಎಂದು ಎಲ್ಲರೂ ಕೋಲು ಕುಟ್ಟಿದರು. ನನಗೆ ಬಹಳ ಹೆಮ್ಮೆಯಾಯಿತು.

ಆಗಸ್ಟಿನಲ್ಲಿ ನಮ್ಮ ಮೈದಾನದಲ್ಲೇ ಅಭ್ಯಾಸ ಶುರುವಾಯಿತು. ಎರಡೇ ವಾರದಲ್ಲಿ ನನ್ನ ಗ್ಲೌಸಿಗೆ ಗೊತ್ತಾಗಿಹೋಯಿತು. ಎದೆಮಟ್ಟಕ್ಕೆ ಬರುತ್ತಿದ್ದ ಚೆಂಡು ಸೊಂಟದ ಮಟ್ಟಕ್ಕೆ ಬರತೊಡಗಿತು. ಚೆಂಡು ಬಿಟ್ಟ ಮೇಲೆ ಒಂದು ಗಳಿಗೆ ನಿಂತು ಕೈ ಸೊಂಟಕ್ಕಿಟ್ಟುಕೊಳ್ಳುತ್ತಿದ್ದ, ಆಮೇಲೆ ಯಾರಾದರೂ ನೋಡಿದರೋ ಎಂದು ತಿರುಗಿ ನೋಡುತ್ತಿದ್ದ. ನಾನು ನೋಡಿಯೂ ನೋಡದ ಹಾಗಿದ್ದೆ.

ಒಂದು ಬೆಳಿಗ್ಗೆ ತಂಗಿ ನನ್ನ ಮನೆಗೆ ಬಂದಳು. ಕೂರಲೂ ಇಲ್ಲ.

"ಅಣ್ಣಾ, ಅವನು ಬಗ್ಗಿ ಶೂ ಕಟ್ಟೋದಿಲ್ಲ. ಗೋಡೆಗೆ ಒರಗಿ ಕಾಲನ್ನ ಕುರ್ಚಿ ಮೇಲಿಟ್ಟು ಕಟ್ಕೋತಾನೆ. ನೀನು ಒಂದ್ಸಲ ಕೇಳು."

"ಹೆತ್ತೋಳು ನೀನು, ನೀನೇ ಕೇಳು."

"ನಾನು ಕೇಳೋ ಹಾಗಿದ್ದಿದ್ರೆ ನಿನ್ನ ಬಾಗಿಲಿಗೆ ಯಾಕೆ ಬರ್ತಿದ್ದೆ? ಬೆಟ್ಟದಿಂದ ಬಂದ ಮಗನ ಮೈ ವಿಚಾರ ತಾಯಿ ಕೇಳ್ತಾಳಾ? ಗಂಡಸರು ನೀವು ನೀವೇ ಮಾಡ್ಕೊಂಡ ಕಟ್ಟುಪಾಡು. ಈಗ ಕೇಳೋಕೆ ನಾಲಿಗೆ ಬಿದ್ದೋಯ್ತಾ?"

ಕೇಳಿದೆ. "ಬೆನ್ನು ಹೇಗಿದೆಯೋ?" ಎಂದೆ. "ಕಲ್ಲಿನ ಹಾಗಿದೆ ಮಾವ" ಎಂದ. ಅಷ್ಟಕ್ಕೇ ಸುಮ್ಮನಾದೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸೆಪ್ಟೆಂಬರಿನಲ್ಲಿ ಈಸ್ಟ್ ಲಂಡನ್ನಿನಲ್ಲಿ ಆಟಗಾರರ ಮೈ ತಪಾಸಣೆ. ತಂದೆಯ ಸ್ಥಾನದಲ್ಲಿ ನಾನು ಹೋದೆ. ತಪಾಸಣೆ ಮಾಡುವವರು ಕ್ಯಾರಲಿನ್ ಎನ್ನುವ ಒಬ್ಬ ಹೆಂಗಸು, ನಗುಮುಖದವರು. ಕಾಗದ ನೋಡಿಕೊಂಡು ಕೇಳಿದರು: "ಹೋದ ಮೂರು ತಿಂಗಳಲ್ಲಿ ಮೈಯಲ್ಲಿ ಎಲ್ಲಾದ್ರೂ ಗಾಯ, ನೋವು ಏನಾದ್ರೂ ಆಗಿತ್ತಾ?"

ಆ ಮೂರು ತಿಂಗಳಲ್ಲಿ ಬೆಟ್ಟದ ದಿನಗಳೂ ಇದ್ದವು. ಹೆಂಗಸೊಬ್ಬಳ ಮುಂದೆ ಆ ದಿನಗಳ ಗಾಯದ ಬಗ್ಗೆ ತುಟಿ ಬಿಚ್ಚುವವನು ನಮ್ಮಲ್ಲಿ ಗಂಡಸೇ ಅಲ್ಲ. ಪಾಪ, ಆಯಮ್ಮನಿಗೆ ಅದೇನು ಗೊತ್ತು! ಲುಬಬಾಲೊ ನೆಲ ನೋಡುತ್ತಾ, "ಏನೂ ಇಲ್ಲ ಮೇಡಂ" ಎಂದ.

"ಬೆನ್ನು? ವೇಗದ ಬೌಲರ್‌ಗಳಿಗೆ ಅಲ್ಲೇ ತೊಂದ್ರೆ ಬರೋದು. ಸ್ವಲ್ಪ ಇದ್ರೂ ಹೇಳಿ, ಎಕ್ಸ್‌ರೇ ತೆಗೆಸೋಣ. ಮೂರು ತಿಂಗಳು ಸುಮ್ಮನಿದ್ರೆ ವಾಸಿಯಾಗುತ್ತೆ."

"ಏನೂ ಇಲ್ಲ."

ಆಯಮ್ಮ ನನ್ನ ಕಡೆ ತಿರುಗಿದರು. "ನೀವು ದಿನಾ ಇವನ ಚೆಂಡು ಹಿಡಿಯೋರಂತೆ. ನೀವೇನು ಹೇಳ್ತೀರಿ?"

ಲುಬಬಾಲೊ ನನ್ನನ್ನೇ ನೋಡಿದ. ಒಂದು ಮಾತು ಸಾಕಿತ್ತು. ಆ ಮಾತು ಆಡಿದರೆ ನಮ್ಮವರೆಲ್ಲರ ಮುಂದೆ ಅವನನ್ನು ಮತ್ತೆ ಹುಡುಗನನ್ನಾಗಿ ಮಾಡಿದ ಹಾಗೆ ಎಂದುಕೊಂಡೆ. "ಅವನು ಗಂಡಸು ಮೇಡಂ. ಅವನು ಹೇಳಿದ ಮೇಲೆ ಮುಗೀತು" ಎಂದೆ. ಆಯಮ್ಮ ಏನೋ ಬರೆದುಕೊಂಡು ರುಜು ಹಾಕಿಸಿಕೊಂಡರು.

ಅಕ್ಟೋಬರಿನ ಆಯ್ಕೆ ಪಂದ್ಯದ ದಿನ ಸಮುದ್ರದ ಕಡೆಯಿಂದ ಬಿರುಗಾಳಿ. ನಾನೂ ತಂಗಿಯೂ ಹುಲ್ಲಿನ ದಿಬ್ಬದ ಮೇಲೆ ಕೂತಿದ್ದೆವು. ಅವನ ಮೊದಲ ಐದು ಓವರಿನಲ್ಲಿ ಎರಡು ವಿಕೆಟ್ ಬಿದ್ದವು. ಜನ ಚಪ್ಪಾಳೆ ತಟ್ಟಿದರು, ತಂಗಿ ತಟ್ಟಲಿಲ್ಲ. ಮಗನ ಕೈ ಸೊಂಟಕ್ಕೆ ಹೋಗುತ್ತದೆಯೇ ಎಂದಷ್ಟೇ ನೋಡುತ್ತಿದ್ದಳು. ಊಟದ ನಂತರ ಮತ್ತೆ ಚೆಂಡು ಕೊಟ್ಟರು. ಮೂರನೆಯ ಎಸೆತ. ಓಡಿ ಬಂದ, ಎಡಗಾಲು ಊರಿದ, ಚೆಂಡು ಕೈಬಿಡುವ ಮುಂಚೆಯೇ ಕುಸಿದ. ಕೂಗಿದ. ಅಂಥ ಕೂಗನ್ನು ನಾನು ಹಂದಿ ಕೊಯ್ಯುವಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ಹೇಳಿದರು. ಬೆನ್ನೆಲುಬಿನಲ್ಲಿ ಎರಡು ತಿಂಗಳ ಹಳೆಯ ಬಿರುಕು, ಅದರ ಮೇಲೇ ಓಡಿ ಓಡಿ ಈಗ ಎರಡೂ ಕಡೆ ಮುರಿದಿದೆ. ನಡೆಯುತ್ತಾನೆ, ಕೂಲಿನಾಲಿ ಮಾಡುತ್ತಾನೆ, ಬೌಲಿಂಗ್ ಮಾತ್ರ ಇನ್ನಿಲ್ಲ. "ಇಷ್ಟು ದಿನ ಯಾರಿಗೂ ಗೊತ್ತಾಗ್ಲಿಲ್ವೇನ್ರೀ?" ಎಂದು ಕೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಒಳಗೆ ಹೋದೆ. ಲುಬಬಾಲೊ ಅಂಗಾತ ಮಲಗಿದ್ದ, ಮುಖಕ್ಕೆ ಬೂದಿ ಬಡಿದ ಹಾಗಿತ್ತು. ಬೆನ್ನಿನ ಬಗ್ಗೆ ಕೇಳಲಿಲ್ಲ, ತಂಡದ ಬಗ್ಗೆ ಕೇಳಲಿಲ್ಲ.

"ಮಾವ," ಎಂದ ಮೆಲ್ಲಗೆ, "ಬಿದ್ದಾಗ ನಾನು ಕೂಗಿದ್ನಾ?"

"ಇಲ್ಲ ಗತ್ಯೇನಿ. ಒಂದು ಚೂರೂ ಇಲ್ಲ" ಎಂದೆ.

ಅವನ ಮುಖದಲ್ಲಿ ಸಮಾಧಾನ ಕಂಡಿತು. ಆಗ ಬಾಗಿಲಲ್ಲಿ ನಿಂತಿದ್ದ ತಂಗಿ ಸೀದಾ ಒಳಗೆ ಬಂದು, ಬೆಟ್ಟದಿಂದ ಬಂದ ಮೇಲೆ ಒಮ್ಮೆಯೂ ಮುಟ್ಟದಿದ್ದ ಮಗನ ಹಣೆಯ ಮೇಲೆ ಕೈಯಿಟ್ಟಳು.

"ಕೂಗಿದೆ ಕಣೋ ಕಂದಾ. ಇಡೀ ಮೈದಾನಕ್ಕೆ ಕೇಳ್ತು. ನಿನ್ನ ಮಾವನಿಗೆ ಆಗಸ್ಟ್‌ನಿಂದ್ಲೂ ಕೇಳ್ತಿತ್ತು."

ಲುಬಬಾಲೊ ನನ್ನತ್ತ ನೋಡಿದ. ಆಮೇಲೆ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದ. ತಂಗಿ ನನಗೆ ಹೊರಗೆ ಹೋಗು ಎಂದಳು, ನಾನು ಹೋದೆ.