ಅವಸರ ಇಲ್ಲದವರ ಸಂಘಕ್ಕೆ ಹೊಸಬಳು

“ಇಲ್ಲ ರೀ, ನೀವು ಹೇಳ್ಬೇಡಿ. ಅವಳ ಬಾಯಿ ಅವಳ ಹತ್ರಾನೇ ಇದೆಯಲ್ಲ!”

“ಅಲ್ಲ ಮೇಡಂ, ನಾನು ಅವಳ ಅಣ್ಣ. ಅವಳಿಗೆ ಮಾತು ಸ್ವಲ್ಪ ತಡೆಯುತ್ತೆ, ಅದಕ್ಕೇ ನಾನು...”

“ನನಗೂ ತಡೆಯುತ್ತೆ. ಇಲ್ಲಿರೋ ಎಲ್ಲರಿಗೂ ತಡೆಯುತ್ತೆ. ನೀರು ಕುಡಿದಷ್ಟು ಸಲೀಸಾಗಿ ಮಾತಾಡ್ತಿರೋರು ನೀವೊಬ್ರೇ. ಹಾಗಾಗಿ ಎದ್ದು ಹೋಗ್ಬೇಕಾದೋರೂ ನೀವೇ.”

ಇಷ್ಟು ಹೇಳಿ ಅತ್ತೆ ಯಾರದೋ ಬಿಳಿ ಶರ್ಟಿನ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿದಳು. ಹಬೆ ಬುಸ್ಸೆಂದಿತು. ನೀರು ಚಿಮುಕಿಸುವ ಬಾಟಲಿಗೆ ಒರಗಿಸಿಟ್ಟ ಫೋನಿನಲ್ಲಿ ನಾಲ್ಕು ಚೌಕಗಳು. ಒಂದರಲ್ಲಿ ಅತ್ತೆ, ಅವಳ ಹಿಂದೆ ತಲೆಕೆಳಗಾಗಿ ನೇತಾಡುವ ಪ್ಯಾಂಟುಗಳು. ಇನ್ನೊಂದರಲ್ಲಿ ಸರಕಿನ ವ್ಯಾನ್ ಓಡಿಸುವವರೊಬ್ಬರು, ಸ್ಟೇರಿಂಗಿಗೆ ಗದ್ದ ಊರಿ ಕೂತಿದ್ದಾರೆ. ಮೂರನೆಯದರಲ್ಲಿ ಗಣಿತದ ಮೇಷ್ಟ್ರು. ನಾಲ್ಕನೆಯದು ಹೊಸಬಳದ್ದು. ಆದರೆ ಅದರಲ್ಲಿ ಹೊಸಬಳ ಅರ್ಧ ಮುಖ, ಅವಳ ಅಣ್ಣನ ಪೂರ್ತಿ ಭುಜ!

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮೂಲೆಯ ಲಾಂಡ್ರಿ ಅಂಗಡಿ ಅವಳದ್ದೇ. ಅವಳಿಗೆ ಉಗ್ಗು. ಮೇಲೆ ಅವಳ ಮಾತು ಸರಾಗವಾಗಿ ಕಾಣುತ್ತಿದ್ದರೆ ಅದು ನಾನು ಹಾಗೆ ಬರೆದಿದ್ದರಿಂದ ಮಾತ್ರ. “ನನ್ನ ಬಗ್ಗೆ ಏನು ಬೇಕಾದ್ರೂ ಬರಿ, ಅಕ್ಷರ ಕೊಚ್ಚಿ ಕೊಚ್ಚಿ ಹಾಕ್ಬೇಡ,” ಎಂದು ಮೊದಲೇ ತಾಕೀತು ಮಾಡಿದ್ದಾಳೆ. ಆದ್ದರಿಂದ ನಡುವಿನ ತಡೆಗಳನ್ನು ಓದುವವರೇ ಸೇರಿಸಿಕೊಳ್ಳಬೇಕು. ಅಷ್ಟು ಹೊತ್ತು ಕಾಯುವುದಕ್ಕೆ ಬಂದರೆ ನೀವೂ ನಮ್ಮವರೇ!

ಅತ್ತೆಗೆ ಕಾದವರು ಕಡಿಮೆ. ಶಾಲೆಯಲ್ಲಿ ಹಾಜರಿ ಕೂಗಿದರೆ ಅವಳು ಎದ್ದು ನಿಂತು ಬಾಯಿ ತೆರೆಯುವಷ್ಟರಲ್ಲಿ, ಅದೇ ಕೋಣೆಯಲ್ಲಿ ಕೂರುತ್ತಿದ್ದ ಮೇಲಿನ ಕ್ಲಾಸಿನ ಬೆಂಚಿನಿಂದ ನನ್ನ ಅಪ್ಪ “ಬಂದಿದ್ದಾಳೆ ಸಾರ್!” ಎಂದು ಕೂಗಿಬಿಡುತ್ತಿದ್ದ. ಪ್ರೀತಿಯಿಂದಲೇ, ಅದರಲ್ಲಿ ಎರಡು ಮಾತಿಲ್ಲ. ಬಟ್ಟೆ ಅಂಗಡಿಯಲ್ಲಿ ಅವಳಿಗೆ ಬೇಕಾಗಿದ್ದದ್ದು ಹಳದಿ. ‘ಹ’ ಗಂಟಲಲ್ಲೇ ಕೂತಿತು. ಅಂಗಡಿಯವನು ಗಡಿಯಾರ ನೋಡಿದ. ಅಪ್ಪ “ಅವಳಿಗೆ ಹಸಿರು ಇಷ್ಟ” ಎಂದ. ಹಳದಿ ಬಾಯಿಂದ ಹೊರಬೀಳುವಷ್ಟರಲ್ಲಿ ಹಸಿರು ಕತ್ತರಿಸಿ, ಮಡಚಿ, ಕಾಗದದಲ್ಲಿ ಸುತ್ತಿ ಆಗಿತ್ತು. ಆಮೇಲೆ ಮನೆಯವರೆಲ್ಲ ಅವಳಿಗೆ ಹಸಿರು ಇಷ್ಟ ಎಂದು ನಂಬಿ ಪ್ರತಿ ಸಲವೂ ಹಸಿರನ್ನೇ ತಂದರು. ಹಳೆಯ ಫೋಟೊಗಳಲ್ಲಿ ಅತ್ತೆ ಥೇಟ್ ಗಿಣಿ. ಮುಖ ಮಾತ್ರ ಹಾಗಲಕಾಯಿ.

ಅಂಗಡಿ ಇಟ್ಟಾಗಲೂ ಫೋನ್ ಎತ್ತುವ ಕೆಲಸ ಅಪ್ಪನದ್ದೇ. ಒಮ್ಮೆ ಅಪ್ಪ ಜ್ವರ ಬಂದು ಮಲಗಿದ. ಫೋನ್ ಬಡಿದುಕೊಂಡಿತು, ಅತ್ತೆ ಎತ್ತಿದಳು, ‘ಹಲೋ’ ಬರಲಿಲ್ಲ. ಅತ್ತಲಿನವರು ಲೈನ್ ಸರಿಯಿಲ್ಲ ಎಂದುಕೊಂಡು ಕಟ್ ಮಾಡಿದರು. ಅತ್ತೆ ತಾನೇ ತಿರುಗಿ ಮಾಡಿದಳು. ಮತ್ತೆ ಕಟ್. ಮತ್ತೆ ಮಾಡಿದಳು. ಹಟ ಅಂದರೆ ಹಟ! ಗಿರಾಕಿಗಳು ಬೈದರು, ಒಬ್ಬರು ಪೊಲೀಸರಿಗೆ ಹೇಳುತ್ತೇನೆ ಎಂದರು. ಆಗ ಇನ್ನೊಂದು ಕರೆ ಬಂತು. ಇವಳಿಗೆ ‘ಹಲೋ’ ಬರುತ್ತಿಲ್ಲ, ಆದರೆ ಅತ್ತ ಕಡೆಯವರು ಕಟ್ ಮಾಡುತ್ತಿಲ್ಲ. ಮಾತೂ ಆಡುತ್ತಿಲ್ಲ. ಇಬ್ಬರೂ ಫೋನ್ ಕಿವಿಗಿಟ್ಟುಕೊಂಡು ಉಸಿರಾಡುತ್ತಿದ್ದಾರೆ. ಕೊನೆಗೆ ಅತ್ತೆಯ ಹಲೋ ಬಿತ್ತು. ಆಮೇಲೆ ಅತ್ತ ಕಡೆಯಿಂದ ಮೆಲ್ಲಗೆ, “ಮೂವತ್ತು” ಎಂದು ಬಿತ್ತು. ಮೂವತ್ತನೆಯ ನಂಬರಿನ ಚೀಟಿ, ಗಣಿತದ ಮೇಷ್ಟ್ರ ಶರ್ಟು! ಅವರಿಗೂ ಉಗ್ಗು, ಮೂವತ್ತು ಬಾಯಿಗೆ ಬರುವುದೇ ಕಷ್ಟ. ಕ್ಲಾಸಿನಲ್ಲಿ ಅವರು “ಇಪ್ಪತ್ತೊಂಬತ್ತರ ಮುಂದಿನದು” ಎಂದೇ ಕಾಲ ತಳ್ಳುತ್ತಿದ್ದರಂತೆ. ಮಕ್ಕಳು ಅದನ್ನೇ ಗಣಿತದ ಒಂದು ವಿಧಾನ ಎಂದುಕೊಂಡಿದ್ದರು.

ಹೀಗೆ ಹುಟ್ಟಿದ್ದು ಅವಸರ ಇಲ್ಲದವರ ಸಂಘ. ವಾರಕ್ಕೊಂದು ಸಂಜೆ ಎಲ್ಲರೂ ಫೋನಿನಲ್ಲೇ ಸೇರುತ್ತಾರೆ. ಅಲ್ಲಿ ಯಾರೂ ಯಾರಿಗೂ ಮಾತು ಕಲಿಸುವುದಿಲ್ಲ. “ಉಸಿರು ಎಳ್ಕೊಳ್ಳಿ, ನಿಧಾನ, ಗಾಬರಿ ಬೇಡ” ಎನ್ನುವವರನ್ನು ಅತ್ತೆ ಕೂಡಲೇ ತೆಗೆದುಹಾಕುತ್ತಾಳೆ. ಇರುವುದು ಎರಡೇ ಕಟ್ಟುಪಾಡು. ಇನ್ನೊಬ್ಬರ ಬಾಯಲ್ಲಿರುವ ಮಾತನ್ನು ಕಸಿದುಕೊಳ್ಳಬಾರದು. ಮತ್ತೆ, ಹೊಸದಾಗಿ ಬಂದವರು ತಮ್ಮನ್ನು ಹೆಚ್ಚು ಗೋಳುಹೊಯ್ದುಕೊಳ್ಳುವ ಮಾತು ಯಾವುದೋ ಅದನ್ನು ಎಲ್ಲರ ಮುಂದೆ ಹೇಳಬೇಕು. ಆಮೇಲೆ ಅದೇ ಅವರ ಹೆಸರು. ಮೇಷ್ಟ್ರು ‘ಮೂವತ್ತು ಮೇಷ್ಟ್ರು’, ವ್ಯಾನಿನವರು ‘ಪೆಟ್ರೋಲ್ ಅಣ್ಣ’, ಅತ್ತೆ ‘ಹಲೋ ಅಕ್ಕ’. ಯಾವ ಮಾತಿಗೆ ಅಷ್ಟು ವರ್ಷ ಹೆದರಿದ್ದೋ ಅದನ್ನು ಹಿಡಿದು ಜನ ಪ್ರೀತಿಯಿಂದ ಕೂಗುತ್ತಾರೆ. ನನಗಂತೂ ಇದು ಎಷ್ಟು ಇಷ್ಟ ಎಂದರೆ, ಸರಾಗವಾಗಿ ಮಾತು ಬರುವುದರಿಂದ ನನಗೊಂದು ಹೆಸರಿಲ್ಲವಲ್ಲ ಎಂದು ಹೊಟ್ಟೆಕಿಚ್ಚು! ನನ್ನ ಕೆಲಸ ಫೋನ್ ಚಾರ್ಜ್ ಆಗಿದೆಯೇ ನೋಡಿಕೊಳ್ಳುವುದು, ಬಾಯಿ ಮುಚ್ಚಿಕೊಂಡು ಕೂರುವುದು.

ಹೊಸಬಳು ಕಣ್ಣಿನ ಕ್ಲಿನಿಕ್ಕಿನ ಕೌಂಟರಿನಲ್ಲಿ ರೋಗಿಗಳ ಹೆಸರು ಕೂಗುವವಳು. ಅವಳ ಕೋಟು ಅತ್ತೆಯ ಅಂಗಡಿಗೆ ಬಂದಿತ್ತು. ಅದನ್ನು ಸುತ್ತಿಕೊಟ್ಟ ಕಾಗದದ ಮೇಲೆ ಸಂಘದ ವಿಷಯ ಅಚ್ಚಾಗಿತ್ತು. ಹಾಗೆ ಬಂದಳು. ಆದರೆ ಬಂದಾಗಿನಿಂದ ಅಣ್ಣನೇ ಮಾತಾಡುತ್ತಿದ್ದಾನೆ.

“ನಾಳೆಯಿಂದ ಅವಳನ್ನ ಫೈಲ್ ರೂಮಿಗೆ ಹಾಕ್ತಾರೆ ಮೇಡಂ. ಮ್ಯಾನೇಜರ್ ಹತ್ರ ನಾನೇ ಫೋನಲ್ಲಿ ಮಾತಾಡಿ ಒಪ್ಕೊಂಡಿದೀನಿ. ಅಲ್ಲಿ ಬಾಯಿ ಬಿಡೋ ಹಾಗೇ ಇಲ್ಲ, ಆರಾಮ.”

“ಅವಳು ಒಪ್ಕೊಂಡ್ಲಾ?”

“ಅವಳೇನೂ ಹೇಳ್ಲಿಲ್ಲ.”

“ಹೇಳೋವರೆಗೂ ಕಾದ್ರಾ?”

ಹುಡುಗಿ ಕಣ್ಣೆತ್ತಿ ಮೊದಲ ಸಲ ನೇರವಾಗಿ ಅತ್ತೆಯನ್ನು ನೋಡಿದಳು.

“ಪುಟ್ಟಿ, ಫೋನ್ ಎತ್ಕೊಂಡು ಬೇರೆ ಕಡೆ ಹೋಗು. ಮಹಡಿ ಮೇಲೆ, ಮೆಟ್ಟಿಲ ಹತ್ರ, ಎಲ್ಲಾದ್ರೂ ಸರಿ. ಅಣ್ಣ ಅಲ್ಲೇ ಕೂತಿರಲಿ,” ಎಂದಳು ಅತ್ತೆ.

ಚೌಕ ಅಲ್ಲಾಡಿತು. ಗೋಡೆ, ಮೆಟ್ಟಿಲು, ಮತ್ತೆ ಗೋಡೆ, ಆಮೇಲೆ ಆಕಾಶ. ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಹುಡುಗಿ ಕೂತಳು.

“ಈಗ ಹೇಳು. ನಿನ್ನ ಕತ್ತು ಹಿಸುಕೋ ಮಾತು ಯಾವ್ದು?”

ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ಸಂಘ ಕಾಯತೊಡಗಿತು. ಕಾಯುವುದರಲ್ಲಿ ಇವರನ್ನು ಮೀರಿಸುವವರಿಲ್ಲ! ಯಾರೂ ಮುಖ ತಿರುಗಿಸುವುದಿಲ್ಲ, ತಲೆಯಾಡಿಸಿ ಹುರಿದುಂಬಿಸುವುದಿಲ್ಲ, ಅಯ್ಯೋ ಪಾಪ ಎಂಬ ಮುಖವಂತೂ ಮೊದಲೇ ಇಲ್ಲ. ಅತ್ತೆ ಕಾಲರ್ ಮುಗಿಸಿ ತೋಳಿಗೆ ಬಂದಳು. ಹುಡುಗಿಯ ಬಾಯಿ ತೆರೆದೇ ಇತ್ತು. ತೋಳು ಮುಗಿಯಿತು. ಪೆಟ್ರೋಲ್ ಅಣ್ಣನ ಕೆನ್ನೆಯ ಮೇಲೆ ನೊಣ ಕೂತಿತು, ಅವರು ಅದನ್ನೂ ಓಡಿಸಲಿಲ್ಲ. ಅತ್ತೆ ಶರ್ಟು ಮಡಚಿ ಇನ್ನೊಂದನ್ನು ಹರವಿದಳು. ಹುಡುಗಿಯ ಬಾಯಿ ಹಾಗೇ. ಎಂಥ ದೊಡ್ಡ ಮಾತಿರಬೇಕು ಇದು ಎಂದು ನಾನು ಫೋನಿನ ಹತ್ತಿರಕ್ಕೆ ಬಗ್ಗಿದೆ. ಆಗ ಕಣ್ಣಿಗೆ ಬಿತ್ತು. ಅವಳ ಹಿಂದೆ ಹಾರುತ್ತಿದ್ದ ಕಾಗೆ ಆಕಾಶದಲ್ಲೇ ನಿಂತಿದೆ!

“ಅತ್ತೆ...”

“ಷ್! ಬಾಯ್ಮುಚ್ಚು.”

“ಅತ್ತೆ, ಕಾಗೆ ನೋಡು.”

“ಇವಳೊಬ್ಳು! ಆ ಹುಡುಗಿ ಅಲ್ಲಿ ಒದ್ದಾಡ್ತಿದಾಳೆ, ನಿನಗೆ ಕಾಗೆನಾ?”

“ಹ್ಯಾಂಗ್ ಆಗಿದೆ ಅತ್ತೆ! ಅವಳಲ್ಲ, ನೆಟ್‌ವರ್ಕು!”

ಬೇರೆ ಯಾರೇ ಆಗಿದ್ದರೂ ಆಗಲೇ “ಕೇಳ್ತಿಲ್ಲ, ಕೇಳ್ತಿಲ್ಲ” ಎಂದು ಕೂಗಿಕೊಳ್ಳುತ್ತಿದ್ದರು. ಇವರು ಮಾತ್ರ ನಿಂತುಹೋದ ಚಿತ್ರದ ಮುಂದೆ ಪಿಟಕ್ಕೆನ್ನದೆ ಕೂತಿದ್ದರು. ಮೂವತ್ತು ಮೇಷ್ಟ್ರು ಹಣೆ ಬಡಿದುಕೊಂಡರು. ಅಷ್ಟರಲ್ಲಿ ಚೌಕ ಮಾಯವಾಗಿ ಮತ್ತೆ ಬಂತು. ಹುಡುಗಿ ಬೆವರಿದ್ದಳು, ಕಣ್ಣುಗಳು ಹೊಳೆಯುತ್ತಿದ್ದವು.

“ಕೇಳಿಸ್ತಾ? ಹೇಳಿದೆ!” ಎಂದಳು.

ಅತ್ತೆಯೇ ಹೇಳಬೇಕಾಯಿತು. “ಇಲ್ಲ ಕಣಮ್ಮ. ನೀನು ಹ್ಯಾಂಗ್ ಆಗಿದ್ದೆ. ನಾವು ಒಂದು ಕಾಗೆಗೆ ಕಾಯ್ತಾ ಕೂತಿದ್ವಿ.”

ಹುಡುಗಿಯ ಮುಖ ಒಂದು ಕ್ಷಣ ಅಳುವ ಹಾಗಾಯಿತು. ಆಮೇಲೆ ಮೂಗಿನಿಂದ ಫುಸ್ಸೆಂದು ನಗು ಬಂತು, ಪೆಟ್ರೋಲ್ ಅಣ್ಣ ನಕ್ಕರು, ಅತ್ತೆ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡಳು. ಆ ನಗುವಿನ ಮಧ್ಯೆ ಮಹಡಿಯ ಬಾಗಿಲು ಕಿರ್ ಎಂದಿತು.

“ನಾನು ಹೇಳ್ತೀನಿ ಮೇಡಂ, ಅವಳು ಹೇಳ್ಬೇಕು ಅಂದಿದ್ದು...” ಅಣ್ಣ!

ಹುಡುಗಿ ತಿರುಗಿದಳು. ನಗು ಇನ್ನೂ ಮುಖದ ಮೇಲೇ ಇತ್ತು. ಕೈ ಎತ್ತಿ ಅವನನ್ನು ತಡೆದಳು. ಮಾತು ಸಿಕ್ಕಿಕೊಂಡಿತು, ಕುತ್ತಿಗೆಯ ನರ ಉಬ್ಬಿತು, ಆದರೆ ಕೈ ಇಳಿಸಲಿಲ್ಲ. ಅಣ್ಣನಿಗೂ ದಾರಿಯಿರಲಿಲ್ಲ, ಅವನೂ ಕಾದ. ಕಾದ. ಕೊನೆಗೆ ಬಂತು.

“ಆಗಲ್ಲ. ಫೈಲ್ ರೂಮಿಗೆ ನಾನು ಹೋಗೋದು ಆಗಲ್ಲ. ನನ್ನ ಪರವಾಗಿ ನೀನು ಒಪ್ಕೊಳ್ಳೋದೂ ಆಗಲ್ಲ!”

ಅದೇ ಅವಳ ಮಾತು. ಆಗಲ್ಲ! ಅದು ಬಾಯಿಗೆ ಬರುವಷ್ಟರಲ್ಲಿ ಜನ ತಮಗೆ ಬೇಕಾದ್ದನ್ನು ಮುಗಿಸಿಕೊಂಡು ಹೋಗಿರುತ್ತಿದ್ದರು. ಬೇರೆಯವರ ಪಾಳಿ, ಬೇರೆಯವರ ರಜೆ, ಬೇರೆಯವರ ತಪ್ಪು, ಎಲ್ಲ ಇವಳ ತಲೆಗೆ.

“ಬಾ ಆಗಲ್ಲಮ್ಮ, ಬಾ ಬಾ!” ಎಂದರು ಪೆಟ್ರೋಲ್ ಅಣ್ಣ. ಮೇಷ್ಟ್ರು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಹುಡುಗಿಯ ಅಣ್ಣ ಬಾಗಿಲಲ್ಲೇ ನಿಂತಿದ್ದ. ಅವನನ್ನು ನೋಡಿ ನನಗೆ ಅಪ್ಪನ ನೆನಪಾಗಿ ಪಾಪ ಅನ್ನಿಸಿತು. ಅತ್ತೆಗೂ ಅನ್ನಿಸಿರಬೇಕು. “ಪರವಾಗಿಲ್ಲ ಕಣಪ್ಪ, ಕಾಯೋದು ಕಲಿತಾ ಇದೀಯ,” ಎಂದಳು.

ಆದರೆ ಅಣ್ಣನಿಗೆ ಹೇಳುವುದು ಒಂದು, ಮ್ಯಾನೇಜರಿಗೆ ಹೇಳುವುದು ಇನ್ನೊಂದು. ಮರುದಿನ ಕಾಲೇಜು ಬಿಟ್ಟವಳೇ ನಾನು ಏದುಸಿರು ಬಿಡುತ್ತಾ ಅಂಗಡಿಗೆ ಓಡಿದೆ. ಅತ್ತೆ ಫೋನಿನ ಸದ್ದು ಕೇಳಿಸದಿದ್ದರೆ ಎಂದು ಫ್ಯಾನ್ ಕೂಡ ಆರಿಸಿ ಕೂತಿದ್ದಳು. ಫೋನ್ ಬಂತು. ಅತ್ತೆ ಸಂಘದ ಇನ್ನಿಬ್ಬರನ್ನೂ ಸೇರಿಸಿಕೊಂಡಳು. ಆಗಲ್ಲಮ್ಮ ಹೇಳಿದ್ದನ್ನು ನಾನು ಚುಟುಕಾಗಿ ಬರೆಯುತ್ತೇನೆ. ಮ್ಯಾನೇಜರ್ ಅವಳ ಮಾತನ್ನು ನಡುವೆಯೇ ಎತ್ತಿಕೊಂಡು “ಆಗಲಿ ಅಂತೀಯ ತಾನೆ, ಗುಡ್” ಎಂದರಂತೆ. ಅವಳು ತಲೆಯಾಡಿಸಿ ಮೊದಲಿಂದ ಶುರು ಮಾಡಿದಳಂತೆ. ಅವರು ಎದ್ದು ಹೊರಟರೆ ಅವಳೂ ಹಿಂದೆಯೇ ಹೋಗಿ, ಕಣ್ಣು ಪರೀಕ್ಷೆಯ ಕೋಣೆ ದಾಟಿ, ಕ್ಯಾಂಟೀನಿನ ಬಾಗಿಲಲ್ಲಿ ಹಿಡಿದು ನಿಲ್ಲಿಸಿ ಹೇಳಿದಳಂತೆ. ಆಗಲ್ಲ ಸಾರ್!

“ಅಯ್ಯಪ್ಪಾ! ಆಮೇಲೆ?” ಎಂದೆ ನಾನು. ಅತ್ತೆ ತೊಡೆ ಚಿವುಟಿದಳು.

“ಒಂದು ವಾರ ಕೌಂಟರಲ್ಲೇ ಇರು, ನೋಡ್ತೀನಿ ಅಂದ್ರು. ಪೇಷೆಂಟುಗಳಿಂದ ಕಂಪ್ಲೇಂಟ್ ಬಂದ್ರೆ ಫೈಲ್ ರೂಮೇ ಅಂತೆ.”

“ಯಾರಿಂದ?” ಅತ್ತೆ ಕೇಳಿದಳು.

“ಪೇಷೆಂಟುಗಳಿಂದ.”

“ಓಹೋ. ಪೇಷೆಂಟು ಆಗೋದೇನು ಕಷ್ಟ? ನನಗೆ ಸೂಜಿಗೆ ದಾರ ಪೋಣಿಸೋಕಾಗ್ತಿಲ್ಲ. ಮೇಷ್ಟ್ರೇ, ನಿಮಗೆ?”

“ಕಣ್ಣಲ್ಲಿ ನೀರು ಬರುತ್ತೆ, ಪೇಪರ್ ತಿದ್ದುವಾಗ,” ಎಂದರು ಮೇಷ್ಟ್ರು.

“ಅದು ಹುಡುಗ್ರು ಬರೆದಿದ್ದು ಓದಿ ಬರೋ ಕಣ್ಣೀರು. ಪರವಾಗಿಲ್ಲ, ತೋರಿಸ್ಕೊಳ್ಳಿ.”

“ನನ್ನ ಕಣ್ಣು ಗಟ್ಟಿಮುಟ್ಟಾಗಿದೆ ಹಲೋ ಅಕ್ಕ,” ಎಂದರು ಪೆಟ್ರೋಲ್ ಅಣ್ಣ.

“ನಿನ್ನೆ ನೊಣ ಕೂತಿದ್ದು ಕಾಣ್ಲಿಲ್ಲ ನಿಮಗೆ. ಮೊದಲು ನಿಮ್ಮದೇ ಚೀಟಿ ಬರೆಸ್ಬೇಕು. ವ್ಯಾನ್ ತಗೊಂಡು ಬನ್ನಿ, ಎಲ್ಲರೂ ಅದರಲ್ಲೇ ಹೋಗೋಣ.”

“ಹಿಂದುಗಡೆ ಸೀಟಿಲ್ಲ, ಬರೀ ರಟ್ಟಿನ ಡಬ್ಬ.”

“ಡಬ್ಬದ ಮೇಲೆ ಕೂರ್ತೀವಿ. ಆಗಲ್ಲಮ್ಮ, ನೀನು ನಮ್ಮ ಹೆಸರು ಕೂಗು. ಎಷ್ಟು ಹೊತ್ತಾದ್ರೂ ಸರಿ. ಕೌಂಟರ್ ಮುಂದಿರೋ ಬೆಂಚಲ್ಲಿ ನಿನ್ನ ಮುಖ ನೋಡ್ತಾ ಕೂತಿರ್ತೀವಿ, ನಿನ್ನ ಮ್ಯಾನೇಜರ್ ನಮ್ಮ ಮುಖ ನೋಡ್ಲಿ.”

ಆಗಲ್ಲಮ್ಮ ಏನೋ ಹೇಳಹೊರಟಳು, ಸಿಕ್ಕಿಕೊಂಡಳು. ನಾವು ಕಾದೆವು. ಈ ಸಲ ನಾನು ಮೊದಲೇ ಸಿಗ್ನಲ್ ನೋಡಿಕೊಂಡಿದ್ದೆ.

“ಸೋಮವಾರ ಗದ್ದಲ ಜಾಸ್ತಿ. ಅವತ್ತೇ ಬನ್ನಿ,” ಎಂದಳು.

ಹಾಗಾಗಿ ಮುಂದಿನ ಸೋಮವಾರ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹೊತ್ತಿಗೆ ನಾವು ಅಲ್ಲಿರುತ್ತೇವೆ. ಅತ್ತೆ ಅಂಗಡಿ ಮುಚ್ಚುತ್ತಾಳೆ, ನಾನು ಕ್ಲಾಸಿಗೆ ಚಕ್ಕರ್ ಹೊಡೆಯುತ್ತೇನೆ. ಅಪ್ಪನೂ ಬರುತ್ತಾನಂತೆ. ಬರಲಿ ಎಂದಿದ್ದಾಳೆ ಅತ್ತೆ, ಆದರೆ ತನ್ನ ಹೆಸರು ಕರೆದಾಗ ಅವನು ಎದ್ದು “ಬಂದಿದ್ದಾಳೆ” ಅನ್ನಕೂಡದು.