ಪತ್ರಿ ಗಿಡಕ್ಕೆ ಯಾವ ನೀರು

ಅಲ್ಲ, ಅದು ಎರಡನೆಯ ಬರದ ವರ್ಷವೇ ಇರಬೇಕು. ಮೊದಲನೆಯ ವರ್ಷ ನಮ್ಮ ಉದಗೀರದ ಮನೆಯ ಬೋರ್‌ವೆಲ್ ಕೆಮ್ಮುತ್ತಲಾದರೂ ನೀರು ಕೊಡುತ್ತಿತ್ತು. ಅಥವಾ ಕೊಡುತ್ತಿರಲಿಲ್ಲವೇನೋ, ನಾನೇ ಎರಡು ಬೇಸಿಗೆ ಸೇರಿಸಿ ಒಂದು ಮಾಡಿಕೊಂಡಿದ್ದೇನೆ. ನೆನಪು ಅಚ್ಚುಕಟ್ಟಾಗಿ ಬಂದು ನಿಂತಾಗಲೆಲ್ಲ ನನಗೆ ಅದರ ಮೇಲೆ ಅನುಮಾನ. ಹಿತ್ತಲಿನ ಬಿಲ್ವ ಮಾತ್ರ ಖಂಡಿತ ಇತ್ತು. ನಮ್ಮ ಕಡೆ ಅದಕ್ಕೆ ಪತ್ರಿ ಗಿಡ ಎನ್ನುತ್ತಾರೆ. ಬೇಸಿಗೆಗೆ ಎಲೆ ಉದುರಿಸುವುದು ಅದರ ಹಳೆಯ ಚಾಳಿ. ಆ ವರ್ಷ ಉದುರಿಸಿದ್ದು ಉದುರಿಸಿದ್ದೇ, ಚಿಗುರುವ ಮಾತೇ ಆಡಲಿಲ್ಲ.

ನನ್ನ ಅತ್ತೆ ಲಿಂಗಪೂಜೆಯಲ್ಲಿ ಒಂದಾದರೂ ಪತ್ರಿ ಏರಿಸದೆ ಊಟ ಮಾಡುವವರಲ್ಲ. ಬಿಲ್ವದಲ್ಲಿ ಒಂದು ಅನುಕೂಲವಿದೆ. ಏರಿಸಿದ ಎಲೆಯನ್ನೇ ತೊಳೆದು ಮರುದಿನ ಮತ್ತೆ ಏರಿಸಬಹುದು, ಶಾಸ್ತ್ರದ ಅಭ್ಯಂತರವಿಲ್ಲ. ಮೂರು ದಳ ಮುರಿಯದೆ ಇದ್ದರೆ ಸಾಕು. ಆದರೆ ಬೆಳ್ಳಿ ಬಟ್ಟಲಿನಲ್ಲಿ ಉಳಿದಿದ್ದ ಐದು ಎಲೆಗಳು ದಿನಾ ಸ್ನಾನ ಮಾಡಿ ಮಾಡಿ ಹಪ್ಪಳದಂತಾಗಿದ್ದವು. ನಿಲಂಗಾದಿಂದ ಅವರ ತಂಗಿ ಬಸ್ಸಿನಲ್ಲಿ ಕಳಿಸಿದ ಕಟ್ಟಿನ ಎಲೆಗಳಲ್ಲೆಲ್ಲ ತೂತು, ತೂತಿನ ಪತ್ರಿ ಪೂಜೆಗೆ ಸಲ್ಲದು. ಬಟ್ಟಲು ಬರಿದಾದ ದಿನ ಅತ್ತೆ ಊಟ ಬಿಡುತ್ತಾರೆ. ಅವರಿಗೋ ಸಕ್ಕರೆ ಕಾಯಿಲೆ. ಎರಡು ಹೊತ್ತೂ ಗುಳಿಗೆ, ಗುಳಿಗೆಯ ಹಿಂದೆ ಊಟ ಬೇಕೇ ಬೇಕು.

ನನಗಾಗ ಸುಲಭ ಉಪಾಯಗಳಲ್ಲಿ ನಂಬಿಕೆಯಿತ್ತು.

"ಅತ್ತಿ, ಬಚ್ಚಲ ನೀರು ಗಿಡಕ್ಕ ಬಿಡೂಣ್ರಿ," ಎಂದೆ.

"ನಿನ್ನ ಮೈ ತೊಳದ ನೀರು ಕುಡದ ಗಿಡದ ಪತ್ರಿ ನಾ ಶಿವನ ತಲಿ ಮ್ಯಾಲ ಇಡ್ಲೇನು?"

"ಮತ್ತ ಭಾಂಡಿ ತೊಳದದ್ದು?"

"ಮುಸುರಿ ನೀರು! ನಿಮ್ಮ ಭಾಲ್ಕ್ಯಾಗ ಹಿಂಗೇ ನಡೀತದೇನವ್ವಾ?"

ಭಾಲ್ಕಿ ನನ್ನ ತವರು. ಅಲ್ಲಿ ಹೇಗೆ ನಡೆಯುತ್ತದೆಂದು ನಾನು ಗಮನಿಸಿಯೇ ಇರಲಿಲ್ಲ. ಅತ್ತೆಯ ಬಳಿ ಮಾತ್ರ ನೀರಿನ ಪೂರ್ತಿ ವರ್ಗೀಕರಣವಿತ್ತು. ಅನ್ನ ಸಾರು ಅಂಟಿದ ಪಾತ್ರೆ ತೊಳೆದ ಮುಸುರೆ ನೀರು ಬಾಳೆಗೆ. ಬಟ್ಟೆ ಒಗೆದದ್ದು ಅಂಗಳದ ಧೂಳಿಗೆ. ಮೈ ತೊಳೆದದ್ದು ದಾಸವಾಳಕ್ಕೆ; ತಡಿ, ಆ ಹೂವೂ ದೇವರಿಗೇ ಹೋಗುತ್ತದೆ, ಆದ್ದರಿಂದ ಕರಿಬೇವಿಗೆ. ಪತ್ರಿ ಗಿಡಕ್ಕೆ ಸಲ್ಲುವುದು ಒಂದೇ: ಅಕ್ಕಿ ತೊಳೆದ ನೀರು.

ತೊಡಕೇನೆಂದರೆ ನಾವು ಜೋಳ ತಿನ್ನುವ ಜನ. ಜೋಳದ ಹಿಟ್ಟನ್ನು ಯಾರೂ ತೊಳೆಯುವುದಿಲ್ಲ. ಹೀಗಾಗಿ ಗಿಡದ ಸಲುವಾಗಿ ಮನೆಯಲ್ಲಿ ಎರಡು ಹೊತ್ತೂ ಅನ್ನ ಶುರುವಾಯಿತು. ಅಕ್ಕಿ ತೊಳೆಯುವುದಕ್ಕೂ ಬೇಯಿಸುವುದಕ್ಕೂ ಟ್ಯಾಂಕರಿನ ಒಳ್ಳೆಯ ನೀರೇ ಬೇಕು. ಅದನ್ನೇ ನೇರವಾಗಿ ಗಿಡಕ್ಕೆ ಸುರಿಯಬಹುದಲ್ಲ ಎಂದರೆ, ಕುಡಿಯುವ ನೀರನ್ನು ಬರಗಾಲದಲ್ಲಿ ನೆಲಕ್ಕೆ ಸುರಿಯುವುದು ಪಾಪ. ಈ ತರ್ಕದಲ್ಲಿ ಎಲ್ಲಿ ಬಿರುಕಿದೆಯೆಂದು ನಾನು ಈಗಲೂ ಆಗಾಗ ಹುಡುಕುತ್ತೇನೆ.

ಮಾವ ಪೇಟೆಯಲ್ಲಿ ಜೋಳದ ವ್ಯಾಪಾರಿ. ನಾಲ್ಕನೆಯ ದಿನ ತಟ್ಟೆ ನೋಡಿ ನಿಟ್ಟುಸಿರು ಬಿಟ್ಟರು.

"ಊರಿಗೆಲ್ಲ ಜ್ವಾಳ ಮಾರೋಂವ ನಾ. ನನ್ನ ಮನ್ಯಾಗ ನನಗ ಒಂದು ರೊಟ್ಟಿ ಇಲ್ಲ."

"ಗಿಡ ಸತ್ತರ ನಾ ಉಪಾಸ ಸಾಯ್ತೀನಿ," ಎಂದರು ಅತ್ತೆ, ಅನ್ನ ಬಡಿಸುತ್ತಲೇ. "ಆಮ್ಯಾಲ ಬೇಕಾದಷ್ಟು ರೊಟ್ಟಿ ಬಡಸ್ಕೋರಿ."

ಬಟ್ಟಲಿನಲ್ಲಿ ಎರಡೇ ಎಲೆ ಉಳಿದಾಗ ನಾನು ಕಳ್ಳತನಕ್ಕಿಳಿದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ನಿಂತು, ಕೊಕ್ಕರೆಯಂತೆ ಒಂದೊಂದೇ ಕಾಲೆತ್ತಿ ಸ್ನಾನ ಮಾಡುತ್ತಿದ್ದೆ. ಸೋಪು ಬಿಟ್ಟು ಕಡಲೆಹಿಟ್ಟು ಹಿಡಿದೆ. ಗಂಡ ಭಜಿಯ ವಾಸನೆ ಬರುತ್ತದೆ ಎಂದ. ಮಧ್ಯಾಹ್ನ ಅತ್ತೆ ಅಡ್ಡಾದಾಗ ಆ ನೀರನ್ನು ಗಿಡದ ಬುಡಕ್ಕೆ ಸುರಿದು, ಮೇಲೆ ಒಣಮಣ್ಣು ಹರಡುತ್ತಿದ್ದೆ.

ಹತ್ತು ಹನ್ನೆರಡು ದಿನಕ್ಕೆ ಕೆಳಗಿನ ಕೊಂಬೆಯಲ್ಲಿ ಚಿಗುರು ಕಂಡಿತು, ಆಮೇಲೆ ಎಲೆಯಾಯಿತು. ಭಜಿಯ ವಾಸನೆ ಎಲೆಗೂ ಹತ್ತಿರಬಹುದೆಂಬ ದಿಗಿಲಿಗೆ ನಾನು ಮೂಗು ಹಚ್ಚಿ ಒಂದೊಂದನ್ನೂ ಮೂಸಿದೆ. ವಾಸನೆಯೇನೂ ಇರಲಿಲ್ಲ. ಮೂಸಿದ್ದು ದೇವರಿಗೆ ಸಲ್ಲುವುದಿಲ್ಲವೆಂಬುದು ಮೂಸಿ ಮುಗಿದ ಮೇಲೆ ನೆನಪಾಯಿತು. ನನ್ನ ಸ್ನಾನದ ನೀರು ಕುಡಿದು, ಮೇಲೆ ನನ್ನ ಮೂಗಿನಡಿ ಹಾದುಬಂದ ಪತ್ರಿ ಅದು.

ಮರುದಿನ ಬೆಳಿಗ್ಗೆ ಅತ್ತೆ ಅದನ್ನೇ ಬಿಡಿಸಿದರು. ಮೂರು ಸಲ ತೊಳೆದರು. ಯಾವಾಗಲೂ ಮೂರು ಸಲವೇ ತೊಳೆಯುತ್ತಿದ್ದರೋ ಅಂದು ಮಾತ್ರವೋ, ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ. ಪೂಜೆ ಮುಗಿಸಿ ಗುಳಿಗೆ ನುಂಗಿ ಊಟಕ್ಕೆ ಕೂತರು. ನಾನು ಅನ್ನ ಬಡಿಸಲು ಬಗ್ಗಿದಾಗ ನನ್ನ ಮುಖ ನೋಡದೆ ಹೇಳಿದರು:

"ನಾಳಿಂದ ಅಕ್ಕಿ ಇಡಬ್ಯಾಡ, ರೊಟ್ಟಿ ಬಡಿ. ಗಿಡಕ್ಕ ನೀರು ಸಾಕಷ್ಟು ಸಿಗಲಾಕತ್ತದ."

ರೊಟ್ಟಿಯ ಹೆಸರು ಕೇಳಿದ್ದೇ ಮಾವ ಶಿವಾ ಎಂದು ಮೇಲೆ ನೋಡಿ ಕೈ ಮುಗಿದರು.

ಯಾವ ನೀರು ಎಂದು ಅತ್ತೆ ಹೇಳಲಿಲ್ಲ, ನಾನು ಕೇಳಲಿಲ್ಲ. ಗಿಡವನ್ನು ಬದುಕಿಸಿದ್ದು ಅವರ ಅಕ್ಕಿಯೋ, ನನ್ನ ಟಬ್ಬೋ, ಅಥವಾ ಅದು ತಡವಾಗಿಯಾದರೂ ತಾನಾಗಿಯೇ ಚಿಗುರುತ್ತಿತ್ತೋ, ಗೊತ್ತಿಲ್ಲ. ಅತ್ತೆಗೆ ಗೊತ್ತಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.