ಸೊಟ್ಟ ಮೂಲೆಯ ನೂಲಪ್ಪ

ನೂಲಪ್ಪನ ಹೆಸರು ದರ್ಜಿಯಮ್ಮನ ಕಿವಿಗೆ ಮೊದಲು ಬಿದ್ದದ್ದು ಪಕ್ಕದ ಮನೆಯವಳ ಬೈಗುಳದಲ್ಲಿ.

"ಈ ನೂಲಪ್ಪ ಟೈಲ್ಸ್ ಹಾಕೋಕೆ ಬಂದಿದ್ದಾನೋ, ಗೋಡೆ ಜೊತೆ ಮಾತಾಡೋಕೆ ಬಂದಿದ್ದಾನೋ! ಬೆಳಗ್ಗೆಯಿಂದ ಅಳೀತಾನೇ ಇದ್ದಾನೆ. ಕೇಳಿದ್ರೆ, ಒಂದು ನೂಲು ಹೆಚ್ಚಾಗುತ್ತೆ ತಾಯಿ ಅಂತಾನೆ."

ಇಂಚಿನ ಎಂಟರಲ್ಲೊಂದು ಪಾಲಿಗೆ ಆ ಕೆಲಸದವರು ನೂಲು ಅನ್ನುತ್ತಾರೆ. ಅದಕ್ಕೇ ಆ ಹೆಸರು. ನಲವತ್ತು ವರ್ಷ ಬಟ್ಟೆ ಕತ್ತರಿಸಿದ್ದ ದರ್ಜಿಯಮ್ಮನಿಗೆ ಆ ಬೈಗುಳ ಹೊಗಳಿಕೆಯ ಹಾಗೆ ಕೇಳಿಸಿತು. ಮಾರನೆಯ ದಿನವೇ ಕರೆಸಿದಳು.

ಅವಳ ಅಡುಗೆಮನೆಯ ನೆಲ ಅರ್ಧಕ್ಕೆ ನಿಂತು ಆರು ವರ್ಷವಾಗಿತ್ತು. ಗಂಡ ನೀಲಿ ಹೂವಿನ ಟೈಲ್ಸ್ ಆರಿಸಿ ತಂದು, ಅರ್ಧ ಹಾಕಿಸಿ, ಕಣ್ಣು ಮುಚ್ಚಿದ್ದರು. ಆ ಹೂವು ಈಗ ಯಾವ ಅಂಗಡಿಯಲ್ಲೂ ಇಲ್ಲ. ಉಳಿದ ಪೆಟ್ಟಿಗೆಯಲ್ಲೇ ನೆಲ ಮುಗಿಯಬೇಕು, ಬೇರೆ ಬಣ್ಣದ ತೇಪೆ ಬೀಳಬಾರದು. ಅವಳಿಗಿದ್ದ ಆಸೆ ಅದೊಂದೇ.

ನೂಲಪ್ಪ ಎಣಿಸಿ ನೋಡಿದ. "ಸಾಕಾಗುತ್ತೆ ಅಕ್ಕಾ. ಒಂದು ಹೆಚ್ಚಿಗೇನೇ ಇದೆ."

ಮೂರು ದಿನ ಮನೆಯೆಲ್ಲ ಬಿಳಿ ಧೂಳು. ನಾಲ್ಕನೆಯ ದಿನ ಬಾಗಿಲ ಪಕ್ಕದ ಮೂಲೆಯೊಂದು ಉಳಿಯಿತು. ಅಲ್ಲಿ ಗೋಡೆ ಸೊಟ್ಟ, ಚೌಕಟ್ಟು ಮುಂದೆ ಚಾಚಿದೆ, ಸಾಲದ್ದಕ್ಕೆ ನೀರಿನ ಪೈಪು ಬೇರೆ. ನೂಲಪ್ಪ ಹಳೆ ಪತ್ರಿಕೆ ಹಾಸಿ, ಒತ್ತಿ, ಮಡಿಚಿ, ಕತ್ತರಿಸಿ, ಆ ಮೂಲೆಯ ಅಚ್ಚು ತೆಗೆದ. ಕಾಗದ ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಅದನ್ನು ಹೊರಗೆ ಒಯ್ದು, ಟೈಲ್ಸ್ ಮೇಲಿಟ್ಟು ಗೆರೆ ಎಳೆದು, ಯಂತ್ರ ಹಿಡಿದ. ಕತ್ತರಿಸಿ ತಂದರೆ, ಎಡಕ್ಕಿರಬೇಕಾದ ಕಚ್ಚು ಬಲಕ್ಕಿದೆ! ಕಾಗದವನ್ನು ಮಗುಚಿ ಇಟ್ಟಿದ್ದ.

ನೂಲಪ್ಪನ ಮುಖ ಸುಣ್ಣದ ಹಾಗಾಯಿತು. "ನೂಲು ನೂಲು ಅಂತ ಬಡ್ಕೊಂಡು ಬೆಟ್ಟಾನೇ ಬಿಟ್ಬಿಟ್ಟೆನಲ್ಲಕ್ಕಾ!"

ಉಳಿದದ್ದು ಒಂದೇ ಒಂದು. ದರ್ಜಿಯಮ್ಮ ಆ ತಪ್ಪು ತುಂಡನ್ನು ಎತ್ತಿ ತಿರುಗಿಸಿ ನೋಡಿದಳು. ಮರುಕ್ಷಣ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಇದು ಎರಡೂ ಎಡಗೈ ತೋಳಾಯ್ತಲ್ಲಪ್ಪಾ! ಕೆಲಸ ಕಲಿತ ಹೊಸದರಲ್ಲಿ ಮೇಷ್ಟ್ರ ಅಂಗಿಗೆ ನಾನೂ ಹೀಗೇ ಕತ್ತರಿಸಿದ್ದೆ. ಹಾಕ್ಕೊಂಡು ನಿಂತ್ರೆ, ಬರ್ತಿದ್ದಾರೋ ಹೋಗ್ತಿದ್ದಾರೋ ಅಂತಾನೇ ಗೊತ್ತಾಗ್ತಿರ್ಲಿಲ್ಲ!"

ಬಟ್ಟೆಗೆ ಗುರುತು ಹಾಕುವ ಕೆಂಪು ಬಳಪ ತಂದಳು. ಕಾಗದವನ್ನು ಮತ್ತೆ ಮೂಲೆಯಲ್ಲಿ ಕೂರಿಸಿ, ಎತ್ತುವ ಮುಂಚೆಯೇ ಅದರ ಮೇಲೆ ದೊಡ್ಡದೊಂದು ಗುಣಿಸು ಗುರುತು ಎಳೆದಳು.

"ಇದು ಆಕಾಶ ನೋಡ್ತಿರ್ಬೇಕು. ನೆಲ ನೋಡಿದ್ರೆ ಯಂತ್ರದಿಂದ ಕೈ ತೆಗಿ."

ಕೆಂಪು ಗುರುತು ಮೇಲಿದೆಯೆಂದು ಎರಡೆರಡು ಸಲ ನೋಡಿ, ನೂಲಪ್ಪ ಕೊನೆಯ ಟೈಲ್ಸ್ ಕತ್ತರಿಸಿದ. ತಂದು ಕೂರಿಸಿದರೆ, ಅರ್ಧ ಎಸಳು ಪಕ್ಕದ ಅರ್ಧ ಎಸಳನ್ನು ಕೂಡಿತು. ನೆಲ ತುಂಬಿತು.

"ಇವತ್ತು ತುಳೀಬೇಡಿ ಅಕ್ಕಾ, ಒಣಗಲಿ."

"ಆರು ವರ್ಷ ಕಾದಿದ್ದೀನಿ, ಒಂದು ದಿನ ಯಾವ ಲೆಕ್ಕ!" ಎಂದು ಹೊಸ್ತಿಲ ಮೇಲೆ ಕೂತು ಸಂಜೆಯವರೆಗೂ ನೋಡಿದಳು.

ಆಮೇಲೆ ಹತ್ತು ವರ್ಷ, ಎಲ್ಲಿ ಸೊಟ್ಟ ಮೂಲೆ ಸಿಕ್ಕರೂ ನೂಲಪ್ಪ ಬಳಪಕ್ಕೆ ಬರುತ್ತಿದ್ದ. ಅಂಗಡಿಯಲ್ಲಿ ಸಿಗುತ್ತಲ್ಲೋ ಅಂದರೆ, "ಅದು ಕೈ ಹತ್ತಲ್ಲ ಅಕ್ಕಾ" ಅನ್ನುತ್ತಿದ್ದ. ಕೊನೆಯ ಸಲ ಬಂದಾಗ ಮಂಡಿ ಹಿಡಿದುಕೊಂಡೇ ಕೂತ.

"ಕೆಲಸ ಸಾಕು ಮಾಡ್ದೆ. ಇನ್ನೊಂದೇ ಬಾಕಿ, ನಮ್ಮ ಅಡುಗೆಮನೆ. ಊರಿಗೆಲ್ಲ ನೆಲ ಹಾಕ್ದೆ, ಮನೆಯವಳು ಇನ್ನೂ ಸಿಮೆಂಟಿನ ಮೇಲೇ ನಿಂತು ಬೈತಿದ್ದಾಳೆ. ಅಲ್ಲೂ ಒಂದು ಸೊಟ್ಟ ಮೂಲೆ ಇದೆ."

ದರ್ಜಿಯಮ್ಮ ಬಳಪ ಚಾಚಿದಳು. ನೂಲಪ್ಪ ತಲೆಯಾಡಿಸಿದ.

"ಬಳಪ ಬೇಡ ಅಕ್ಕಾ, ಈ ಸಲ ನೀವೇ ಬನ್ನಿ. ಗುರುತು ನೀವು ಹಾಕಿ, ನಾನು ಕತ್ತರಿಸ್ತೀನಿ."